ಅಡ್ಮಿನ್ ಅನುಮತಿಯಿಲ್ಲದ ಗಣಕದಲ್ಲಿ ಜುಪಿಟರ್ ಗ್ರಾಫ್ ವಿಸ್ತರಣೆಗಳನ್ನು ಅಳವಡಿಸುವುದು ಹೇಗೆ?

ಕಾಲೇಜಿನ ಪ್ರಯೋಗಾಲಯದ ಗಣಕದಲ್ಲಿ ಅಥವಾ ಕಚೇರಿಯವರು ಕೊಟ್ಟ ಲ್ಯಾಪ್‌ಟಾಪಿನಲ್ಲಿ ಜುಪಿಟರ್ ನೋಟ್‌ಬುಕ್, ಅಂದರೆ ಬ್ರೌಸರಿನಲ್ಲೇ ಪೈಥಾನ್ ಬರೆದು ಓಡಿಸುವ ಸಾಧನ, ಬಳಸುವವರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಯೊಂದಿದೆ. ನೋಟ್‌ಬುಕ್ ತೆರೆಯುತ್ತದೆ, ಪೈಥಾನ್ ಓಡುತ್ತದೆ, ಸಾಧಾರಣ ಗ್ರಾಫ್ ಚಿತ್ರದ ರೂಪದಲ್ಲಿ ಬರುತ್ತದೆ. ಆದರೆ ಮೌಸ್ ಹಿಡಿದು ಹಿಗ್ಗಿಸುವ, ಸರಿಸುವ, ಬಿಂದುವಿನ ಮೇಲೆ ನಿಂತು ಅದರ ಬೆಲೆಯನ್ನು ಓದುವ ಗ್ರಾಫ್ ಬೇಕೆಂದು ವಿಸ್ತರಣೆ, ಅಂದರೆ ಜುಪಿಟರ್‌ಗೆ ಹೊಸ ಸೌಲಭ್ಯ ಸೇರಿಸುವ ಪ್ಯಾಕೇಜು, ಹಾಕಲು ಹೋದರೆ ‘ಪರ್ಮಿಷನ್ ಡಿನೈಡ್’ ಎಂದು ಬರುತ್ತದೆ, ಇಲ್ಲವೇ ಅಳವಡಿಕೆ ಮುಗಿದಂತೆ ಕಂಡರೂ ಗ್ರಾಫ್ ಇರಬೇಕಾದ ಜಾಗ ಖಾಲಿ ಉಳಿಯುತ್ತದೆ. ಅಡ್ಮಿನ್ ಪಾಸ್‌ವರ್ಡ್ ಇಲ್ಲದೆಯೇ, ಸಂಸ್ಥೆಯ ನಿಯಮವನ್ನು ಮುರಿಯದೆಯೇ ಈ ಕೆಲಸವನ್ನು ಮುಗಿಸುವ ದಾರಿಯನ್ನು ಇಲ್ಲಿ ಹಂತಹಂತವಾಗಿ ಕೊಟ್ಟಿದ್ದೇನೆ.

ಮೊದಲು ತಿಳಿಯಬೇಕಾದದ್ದು: ವಿಸ್ತರಣೆಗೆ ಎರಡು ಭಾಗಗಳಿವೆ

ಹಂತಗಳಿಗೆ ಹೋಗುವ ಮುನ್ನ ಈ ಒಂದು ವಿಷಯವನ್ನು ನಿಧಾನವಾಗಿ ಓದಿಕೊಳ್ಳಿ, ಏಕೆಂದರೆ ಮುಂದೆ ಬರುವ ತೊಂದರೆಗಳಲ್ಲಿ ಹೆಚ್ಚಿನವು ಇದರಿಂದಲೇ ಹುಟ್ಟುತ್ತವೆ.

ನೀವು ನೋಟ್‌ಬುಕ್‌ನಲ್ಲಿ ಬರೆದ ಪೈಥಾನ್ ಸಾಲುಗಳನ್ನು ಓಡಿಸುವ ಪ್ರೋಗ್ರಾಮಿಗೆ ಕರ್ನೆಲ್ ಎಂದು ಹೆಸರು. ಬ್ರೌಸರಿನಲ್ಲಿ ಕಾಣುವ ಪುಟವನ್ನು ಒದಗಿಸುವ ಪ್ರೋಗ್ರಾಮು ಬೇರೆ. ಅದಕ್ಕೆ ಸರ್ವರ್ ಎನ್ನುತ್ತಾರೆ, ಅದು ನಿಮ್ಮದೇ ಗಣಕದಲ್ಲಿ ಓಡುತ್ತಿದ್ದರೂ ಹೆಸರು ಅದೇ. ಚಲಿಸುವ ಗ್ರಾಫ್ ಕೊಡುವ ವಿಸ್ತರಣೆಯ ಒಂದು ಭಾಗ ಪೈಥಾನ್‌ನಲ್ಲಿದ್ದು ಕರ್ನೆಲ್ ಇರುವ ಕಡೆ ಕೂರಬೇಕು. ಇನ್ನೊಂದು ಭಾಗ ಜಾವಾಸ್ಕ್ರಿಪ್ಟ್‌ನಲ್ಲಿದ್ದು ಸರ್ವರ್ ಇರುವ ಕಡೆ ಕೂರಬೇಕು. ಎರಡೂ ಒಂದೇ ಫೋಲ್ಡರಿನಲ್ಲಿದ್ದರೆ ನಿಮಗೆ ಈ ಭೇದ ಗೊತ್ತೇ ಆಗುವುದಿಲ್ಲ. ಅನುಮತಿ ಸೀಮಿತವಾಗಿರುವ ಗಣಕದಲ್ಲಿ ಮಾತ್ರ ಸರ್ವರ್ ಅಡ್ಮಿನ್ ಹಾಕಿದ ಜಾಗದಲ್ಲಿರುತ್ತದೆ, ನೀವು ಹಾಕಿದ ವಿಸ್ತರಣೆ ನಿಮ್ಮ ಜಾಗಕ್ಕೆ ಹೋಗುತ್ತದೆ, ಒಂದು ಇನ್ನೊಂದನ್ನು ಕಾಣುವುದಿಲ್ಲ.

ಪೈಥಾನ್ ಪ್ಯಾಕೇಜುಗಳನ್ನು ತಂದು ಹಾಕುವ ಪಿಪ್ ಎಂಬ ಸಾಧನ 2020ರಿಂದೀಚೆಗೆ ಈ ಗೊಂದಲವನ್ನು ಇನ್ನಷ್ಟು ಮರೆಮಾಡುತ್ತಿದೆ. ಮುಖ್ಯ ಫೋಲ್ಡರಿನಲ್ಲಿ ಬರೆಯಲು ಅನುಮತಿ ಇಲ್ಲದಿದ್ದರೆ ಅದು ದೋಷ ತೋರಿಸಿ ನಿಲ್ಲುವುದಿಲ್ಲ. ಒಂದು ಸಾಲಿನ ಸೂಚನೆ ಕೊಟ್ಟು ನಿಮ್ಮ ಖಾತೆಯ ಖಾಸಗಿ ಜಾಗದಲ್ಲಿ ಪ್ಯಾಕೇಜನ್ನು ಇಟ್ಟುಬಿಡುತ್ತದೆ. ಕೊನೆಯಲ್ಲಿ ‘ಸಕ್ಸೆಸ್‌ಫುಲಿ ಇನ್‌ಸ್ಟಾಲ್ಡ್’ ಎಂಬ ಸಾಲು ನೋಡಿ ಎಲ್ಲವೂ ಸರಿಯಾಯಿತೆಂದು ನಂಬುತ್ತೇವೆ.

ಆದ್ದರಿಂದ ನನ್ನ ಸಲಹೆ ಇಷ್ಟೇ: ಅಡ್ಮಿನ್ ಹಾಕಿದ ಜುಪಿಟರನ್ನು ತಿದ್ದಲು ಹೋಗಬೇಡಿ. ನಿಮ್ಮದೇ ಫೋಲ್ಡರಿನಲ್ಲಿ ಹೊಸದೊಂದು ಜುಪಿಟರನ್ನೂ ವಿಸ್ತರಣೆಗಳನ್ನೂ ಒಟ್ಟಿಗೆ ಹಾಕಿಕೊಳ್ಳಿ. ಹಾಗೆ ಮಾಡಿದರೆ ಎರಡೂ ಭಾಗಗಳು ಒಂದೇ ಜಾಗದಲ್ಲಿರುತ್ತವೆ.

ಬೇಕಾಗುವುದೇನು?

ನಿಮ್ಮ ಖಾತೆಯ ಫೋಲ್ಡರಿನಲ್ಲಿ ಸುಮಾರು ಒಂದು ಜಿ.ಬಿ. ಖಾಲಿ ಜಾಗ, ಇಂಟರ್‌ನೆಟ್ ಸಂಪರ್ಕ ಅಥವಾ ಸಂಪರ್ಕವಿರುವ ಇನ್ನೊಂದು ಗಣಕ, ಮತ್ತು ಕಮಾಂಡ್ ಪ್ರಾಂಪ್ಟ್ ಇಲ್ಲವೇ ಟರ್ಮಿನಲ್ ತೆರೆಯುವ ಅನುಮತಿ ಇದ್ದರೆ ಸಾಕು. ಸಾಫ್ಟ್‌ವೇರ್ ಅಳವಡಿಕೆಗೆ ಸಂಬಂಧಿಸಿದ ನಿಯಮವನ್ನು ಒಮ್ಮೆ ಓದಿಕೊಳ್ಳುವುದೂ ಅಗತ್ಯ. ಸ್ವಂತ ಫೋಲ್ಡರಿನಲ್ಲಿ ಪೈಥಾನ್ ಪ್ಯಾಕೇಜು ಹಾಕುವುದಕ್ಕೆ ಹಲವು ಕಡೆ ಆಕ್ಷೇಪವಿರುವುದಿಲ್ಲ, ಆದರೆ ಕೆಲವು ಕಡೆ ಇರುತ್ತದೆ.

ಕೆಳಗಿನ ಆದೇಶಗಳನ್ನು ಉಚ್ಚಾರದಂತೆ ಕನ್ನಡ ಅಕ್ಷರಗಳಲ್ಲಿ ಬರೆದಿದ್ದೇನೆ. ನೀವು ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು. ಅಡ್ಡಗೆರೆ, ಓರೆಗೆರೆ ಮತ್ತು ಖಾಲಿ ಜಾಗಗಳು ಇಲ್ಲಿ ಇರುವಂತೆಯೇ ಇರಲಿ. ಆದೇಶದಲ್ಲಿ ಬರುವ ‘-ಎಂ’ ಎಂದರೆ ಅಡ್ಡಗೆರೆ ಮತ್ತು ಎಂ ಎಂಬ ಒಂದೇ ಅಕ್ಷರ.

ಹಂತ 1: ಗಣಕದಲ್ಲಿ ಪೈಥಾನ್ ಇದೆಯೇ ನೋಡಿ

ಟರ್ಮಿನಲ್ ತೆರೆದು ಹೀಗೆ ಕೇಳಿ:

ಪೈಥಾನ್ --ವರ್ಷನ್

ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ‘ಪೈಥಾನ್’ ಬದಲು ‘ಪೈಥಾನ್3’ ಎಂದು ಬರೆಯಬೇಕಾಗಬಹುದು. ಉತ್ತರವಾಗಿ 3.10 ಅಥವಾ ಅದಕ್ಕಿಂತ ಮೇಲಿನ ಆವೃತ್ತಿ ಬಂದರೆ ಮುಂದುವರಿಯಿರಿ.

ಪೈಥಾನ್ ಇಲ್ಲವೇ ಇಲ್ಲ ಎಂದಾದರೂ ಅಡ್ಮಿನ್ ಅನುಮತಿ ಬೇಕಾಗಿಲ್ಲ. ವಿಂಡೋಸ್‌ಗಾಗಿ ಪೈಥಾನ್‌ನ ಅಧಿಕೃತ ತಾಣದಲ್ಲಿ ಸಿಗುವ ಇನ್‌ಸ್ಟಾಲರ್ ಒಬ್ಬರೇ ಬಳಕೆದಾರರ ಖಾತೆಯಲ್ಲಿ ಕೂರಬಲ್ಲದು. ಅದರ ಮೊದಲ ಪುಟದಲ್ಲಿ ಲಾಂಚರ್‌ಗೆ ಅಡ್ಮಿನ್ ಅಧಿಕಾರ ಬಳಸುವ ಕುರಿತ ಚೌಕದಲ್ಲಿ ಗುರುತಿದ್ದರೆ ಅದನ್ನು ತೆಗೆಯಿರಿ, ಇಲ್ಲದಿದ್ದರೆ ಪಾಸ್‌ವರ್ಡ್ ಕೇಳಿ ಅಲ್ಲೇ ನಿಲ್ಲುತ್ತದೆ. ಲಿನಕ್ಸ್‌ನಲ್ಲಿ ಪೈಥಾನನ್ನು ಒಳಗೊಂಡ ಮಿನಿಫೋರ್ಜ್ ಎಂಬ ಸಂಗ್ರಹವನ್ನು ಹೋಮ್ ಫೋಲ್ಡರಿನಲ್ಲಿ ಹಾಕಿಕೊಳ್ಳಬಹುದು. ಕಚೇರಿಯ ಗಣಕವಾದರೆ ಅಂಥದ್ದೇ ಇನ್ನೊಂದು ಸಂಗ್ರಹವಾದ ಅನಕೊಂಡಾ ಹಾಕುವ ಮೊದಲು ಅದರ ಪರವಾನಗಿಯನ್ನು ವಿಚಾರಿಸಿ. ದೊಡ್ಡ ಸಂಸ್ಥೆಗಳು ಅದಕ್ಕೆ ಹಣ ಕೊಡಬೇಕಾಗುತ್ತದೆ. ಮಿನಿಫೋರ್ಜ್ ಬಳಸುವ ಭಂಡಾರಕ್ಕೆ ಆ ನಿರ್ಬಂಧವಿಲ್ಲ.

ಹಂತ 2: ಫೋಲ್ಡರಿನ ಜಾಗವನ್ನು ಆರಿಸಿ

ಇದನ್ನು ಬಹಳಷ್ಟು ಮಾರ್ಗದರ್ಶಿಗಳು ಬಿಟ್ಟುಬಿಡುತ್ತವೆ, ಆದರೆ ವಿಂಡೋಸ್‌ನಲ್ಲಿ ಅಳವಡಿಕೆ ಅರ್ಧಕ್ಕೆ ನಿಲ್ಲಲು ಇದೇ ಹೆಚ್ಚಾಗಿ ಕಾರಣ. ವಿಂಡೋಸ್ ತನ್ನ ಮೂಲ ಹೊಂದಿಕೆಯಲ್ಲಿ ಫೈಲಿನ ಪೂರ್ಣ ವಿಳಾಸ 260 ಅಕ್ಷರಗಳನ್ನು ದಾಟಲು ಬಿಡುವುದಿಲ್ಲ. ಆ ಮಿತಿಯನ್ನು ಸಡಿಲಿಸಲು ಅಡ್ಮಿನ್ ಅಧಿಕಾರ ಬೇಕು. ನಾವು ಹಾಕಲಿರುವ ಜುಪಿಟರ್‌ಲ್ಯಾಬ್ ಎಂಬ ಜುಪಿಟರ್ ರೂಪದೊಳಗಿನ ಕೆಲವು ಫೈಲುಗಳ ಹೆಸರುಗಳು ಬಲು ಉದ್ದ. ಮೈಕ್ರೋಸಾಫ್ಟ್ ಸ್ಟೋರಿನಿಂದ ಬಂದ ಪೈಥಾನ್ ತನ್ನ ಪ್ಯಾಕೇಜುಗಳನ್ನು ಮೊದಲೇ ಉದ್ದನೆಯ ವಿಳಾಸದಲ್ಲಿ ಇಡುವುದರಿಂದ ಅಲ್ಲಿ ‘ನೋ ಸಚ್ ಫೈಲ್’, ಅಂದರೆ ಅಂಥ ಫೈಲಿಲ್ಲ, ಎಂಬ ದೋಷ ಬರುತ್ತದೆ. ಫೈಲು ಕಾಣೆಯಾಗಿದೆ ಎಂದು ಹುಡುಕುತ್ತಾ ಕೂರಬೇಡಿ. ವಿಳಾಸ ಉದ್ದವಾಯಿತೆಂದು ತಿಳಿಯಿರಿ.

ಹೀಗಾಗಿ ನಿಮ್ಮ ಖಾತೆಯ ಫೋಲ್ಡರಿನ ಮೊದಲ ಮಟ್ಟದಲ್ಲೇ ಕೆಲಸ ಮಾಡಿ, ಚಿಕ್ಕ ಹೆಸರು ಕೊಡಿ. ಈ ಲೇಖನದಲ್ಲಿ ‘ಪಟ’ ಎಂಬ ಹೆಸರನ್ನು ಬಳಸಿದ್ದೇನೆ. ಅದನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಿರಿ, ಏಕೆಂದರೆ ಫೋಲ್ಡರಿನ ಹೆಸರಿನಲ್ಲಿ ಕನ್ನಡ ಅಕ್ಷರ ಅಥವಾ ಖಾಲಿ ಜಾಗ ಇದ್ದರೆ ಕೆಲವು ಸಾಧನಗಳು ಇಂದಿಗೂ ತಡವರಿಸುತ್ತವೆ. ಒನ್‌ಡ್ರೈವ್‌ನಂತೆ ತಾನೇ ನಕಲು ಮಾಡುವ ಫೋಲ್ಡರಿನೊಳಗೆ ಇದನ್ನು ಇಡಬಾರದು. ಅಳವಡಿಕೆ ನಡೆಯುವಾಗಲೇ ಸಾವಿರಾರು ಸಣ್ಣ ಫೈಲುಗಳನ್ನು ಅದು ಹಿಡಿದುಕೊಂಡರೆ ಕೆಲಸ ಕೆಡುತ್ತದೆ. ವಿಶ್ವವಿದ್ಯಾಲಯದ ಲಿನಕ್ಸ್ ಸರ್ವರಿನಲ್ಲಿ ನಿಮಗೆ ಕೊಟ್ಟ ಜಾಗಕ್ಕೆ ಮಿತಿ ಇರುತ್ತದೆ, ಕೆಲವೊಮ್ಮೆ ಫೈಲುಗಳ ಸಂಖ್ಯೆಗೂ ಮಿತಿ ಇರುತ್ತದೆ; ಅದನ್ನು ಮೊದಲೇ ನೋಡಿಕೊಳ್ಳಿ.

ಹಂತ 3: ಪ್ರತ್ಯೇಕ ಪರಿಸರವನ್ನು ರಚಿಸಿ

ವರ್ಚುವಲ್ ಎನ್ವಿರಾನ್‌ಮೆಂಟ್, ಅಂದರೆ ಪ್ರತ್ಯೇಕ ಪರಿಸರ, ಎಂದರೆ ತನ್ನದೇ ಪಿಪ್ ಮತ್ತು ತನ್ನದೇ ಪ್ಯಾಕೇಜುಗಳನ್ನು ಹೊಂದಿರುವ ಒಂದು ಫೋಲ್ಡರು. ಅದನ್ನು ರಚಿಸುವ ಸಾಧನದ ಹೆಸರು ವೆನ್ವ್. ವಿ, ಇ, ಎನ್, ವಿ ಎಂದು ನಾಲ್ಕು ಅಕ್ಷರ.

ಪೈಥಾನ್ -ಎಂ ವೆನ್ವ್ ಪಟ

ಇದಾದ ಮೇಲೆ ಪರಿಸರವನ್ನು ‘ಆಕ್ಟಿವೇಟ್’ ಮಾಡಬೇಕೆಂದು ಎಲ್ಲೆಡೆ ಬರೆದಿರುತ್ತಾರೆ. ನಿರ್ಬಂಧಿತ ವಿಂಡೋಸ್ ಗಣಕದ ಪವರ್‌ಶೆಲ್‌ನಲ್ಲಿ ಆ ಹೆಜ್ಜೆಗೇ ತಡೆ ಬರುತ್ತದೆ, ‘ರನ್ನಿಂಗ್ ಸ್ಕ್ರಿಪ್ಟ್ಸ್ ಈಸ್ ಡಿಸೇಬಲ್ಡ್’ ಎಂಬ ಕೆಂಪು ಸಾಲು ಕಾಣುತ್ತದೆ. ಈ ತಡೆ ಹಾಕುವ ಹೊಂದಿಕೆಯನ್ನು ಬದಲಾಯಿಸುವ ಆದೇಶಗಳನ್ನು ಹುಡುಕಿ ಪ್ರಯೋಗಿಸುವ ಅಗತ್ಯವೇ ಇಲ್ಲ. ಆಕ್ಟಿವೇಟ್ ಮಾಡುವುದು ಟೈಪಿಂಗ್ ಉಳಿಸುವ ಸೌಕರ್ಯ ಮಾತ್ರ. ಪರಿಸರದೊಳಗಿನ ಪೈಥಾನನ್ನು ಅದರ ವಿಳಾಸದಿಂದಲೇ ಕರೆದರೆ ಫಲ ಒಂದೇ. ವಿಂಡೋಸ್‌ನಲ್ಲಿ ಆ ವಿಳಾಸ ‘ಪಟ\ಸ್ಕ್ರಿಪ್ಟ್ಸ್\ಪೈಥಾನ್’, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ‘ಪಟ/ಬಿನ್/ಪೈಥಾನ್’. ಮುಂದಿನ ಎಲ್ಲ ಆದೇಶಗಳನ್ನು ನಾನು ವಿಂಡೋಸ್ ರೂಪದಲ್ಲಿ ಕೊಟ್ಟಿದ್ದೇನೆ, ಉಳಿದವರು ಆರಂಭದ ವಿಳಾಸವನ್ನಷ್ಟೇ ಬದಲಿಸಿಕೊಳ್ಳಿ.

ಡೆಬಿಯನ್ 12 ಮತ್ತು ಈಚಿನ ಉಬುಂಟು ಆವೃತ್ತಿಗಳಲ್ಲಿ ಪರಿಸರವಿಲ್ಲದೆ ನೇರವಾಗಿ ಪಿಪ್ ಓಡಿಸಿದರೆ ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್’ ಎಂಬ ದೋಷ ಬರುತ್ತದೆ. ಇದರರ್ಥ ಆ ಪೈಥಾನನ್ನು ಕಾರ್ಯಾಚರಣೆ ವ್ಯವಸ್ಥೆಯೇ ನೋಡಿಕೊಳ್ಳುತ್ತದೆ, ನೀವು ಕೈಯಿಡಬೇಡಿ ಎಂದು. ದೋಷದ ಸಂದೇಶದಲ್ಲೇ ಅದನ್ನು ದಾಟಿಹೋಗುವ ಆಯ್ಕೆಯೊಂದನ್ನೂ ಹೇಳಿರುತ್ತದೆ. ದಯವಿಟ್ಟು ಅದನ್ನು ಬಳಸಬೇಡಿ. ನೀವು ಪರಿಸರದೊಳಗೆ ಇದ್ದರೆ ಈ ಮಾತೇ ಬರುವುದಿಲ್ಲ. ವೆನ್ವ್ ಆದೇಶವೇ ‘ಎನ್ಶ್ಯೂರ್‌ಪಿಪ್ ಇಲ್ಲ’ ಎಂದು ನಿಂತರೆ, ಆ ಗಣಕದಲ್ಲಿ ವೆನ್ವ್ ಪ್ಯಾಕೇಜನ್ನು ಅಡ್ಮಿನ್ ಹಾಕಿಲ್ಲವೆಂದು ಅರ್ಥ. ಆಗ ಅವರನ್ನು ಕೇಳಿ, ಅಥವಾ ಮೇಲೆ ಹೇಳಿದ ಮಿನಿಫೋರ್ಜ್ ಹಾಕಿಕೊಳ್ಳಿ.

ಹಂತ 4: ಜುಪಿಟರನ್ನೂ ವಿಸ್ತರಣೆಗಳನ್ನೂ ಒಟ್ಟಿಗೆ ಹಾಕಿ

ಪಟ\ಸ್ಕ್ರಿಪ್ಟ್ಸ್\ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್ ಜುಪಿಟರ್‌ಲ್ಯಾಬ್ ಮ್ಯಾಟ್‌ಪ್ಲಾಟ್‌ಲಿಬ್ ಐಪಿವೈಎಂಪಿಎಲ್ ಪ್ಲಾಟ್ಲಿ ಎನಿವಿಜೆಟ್

ಇಲ್ಲಿ ಮ್ಯಾಟ್‌ಪ್ಲಾಟ್‌ಲಿಬ್ ಮತ್ತು ಪ್ಲಾಟ್ಲಿ ಗ್ರಾಫ್ ಬಿಡಿಸುವ ಪ್ಯಾಕೇಜುಗಳು. ಐಪಿವೈಎಂಪಿಎಲ್ ಎಂಬುದು ಐ, ಪಿ, ವೈ, ಎಂ, ಪಿ, ಎಲ್ ಎಂಬ ಆರು ಅಕ್ಷರಗಳ ಹೆಸರು; ಮ್ಯಾಟ್‌ಪ್ಲಾಟ್‌ಲಿಬ್‌ನ ಗ್ರಾಫುಗಳಿಗೆ ನೋಟ್‌ಬುಕ್‌ನೊಳಗೆ ಚಲನೆ ಕೊಡುವ ವಿಸ್ತರಣೆ ಇದು. ಎನಿವಿಜೆಟ್, ಪ್ಲಾಟ್ಲಿಯ 6ನೇ ಆವೃತ್ತಿಯಲ್ಲಿ ವಿಜೆಟ್, ಅಂದರೆ ಪುಟದೊಳಗೇ ಮೌಸ್‌ನಿಂದ ಆಡಿಸಬಹುದಾದ ಅಂಗ, ಆ ರೂಪದ ಗ್ರಾಫಿಗೆ ಬೇಕಾಗುವ ಜೋಡಿ ಪ್ಯಾಕೇಜು. ಜುಪಿಟರ್ ಪದದಲ್ಲಿ ‘ಪಿ’ ಅಕ್ಷರದ ನಂತರ ಬರುವುದು ‘ಐ’ ಅಲ್ಲ, ‘ವೈ’. ಹೆಸರುಗಳನ್ನು ಟೈಪ್ ಮಾಡಿದ ಮೇಲೆ ಎಂಟರ್ ಒತ್ತುವ ಮುನ್ನ ಇನ್ನೊಮ್ಮೆ ಓದಿ. ಜನಪ್ರಿಯ ಪ್ಯಾಕೇಜುಗಳ ಹೆಸರನ್ನೇ ಹೋಲುವ, ಒಂದೆರಡು ಅಕ್ಷರ ಮಾತ್ರ ಬೇರೆಯಾದ ದುರುದ್ದೇಶದ ಪ್ಯಾಕೇಜುಗಳು ಸಾರ್ವಜನಿಕ ಭಂಡಾರಕ್ಕೆ ಆಗಾಗ ಬಂದು ಸೇರುತ್ತವೆ. ಸಂಸ್ಥೆಯ ಗಣಕದಲ್ಲಿ ಅಂಥದ್ದು ಕೂತರೆ ತೊಂದರೆ ನಿಮ್ಮೊಬ್ಬರಿಗೇ ಅಲ್ಲ.

ಹಳೆಯ ಬರಹಗಳಲ್ಲಿ ಇದರ ಬಳಿಕ ‘ಎನ್‌ಬಿಎಕ್ಸ್‌ಟೆನ್ಷನ್ ಎನೇಬಲ್’ ಎಂಬ ಆದೇಶವನ್ನೋ, ನೋಡ್‌ಜೆಎಸ್ ಎಂಬ ಜಾವಾಸ್ಕ್ರಿಪ್ಟ್ ಓಡಿಸುವ ಸಾಧನವನ್ನು ಹಾಕಿ ಜುಪಿಟರ್‌ಲ್ಯಾಬನ್ನು ಮರುಕಟ್ಟುವ ಕೆಲಸವನ್ನೋ ಹೇಳಿರುತ್ತಾರೆ. 2020ರ ಕೊನೆಯಲ್ಲಿ ಬಂದ ಜುಪಿಟರ್‌ಲ್ಯಾಬ್ 3ರಿಂದ ವಿಸ್ತರಣೆಗಳು ಮೊದಲೇ ಸಿದ್ಧವಾಗಿ ಪಿಪ್ ಪ್ಯಾಕೇಜಿನೊಳಗೇ ಬರುತ್ತವೆ, ನೋಡ್‌ಜೆಎಸ್ ಬೇಕಿಲ್ಲ. 2023ರ ಜುಲೈಯಲ್ಲಿ ಬಿಡುಗಡೆಯಾದ ನೋಟ್‌ಬುಕ್ 7 ಕೂಡ ಜುಪಿಟರ್‌ಲ್ಯಾಬ್‌ನ ಅಂಗಗಳಿಂದಲೇ ಕಟ್ಟಿದ್ದು, ಹಳೆಯ ಎನ್‌ಬಿಎಕ್ಸ್‌ಟೆನ್ಷನ್‌ಗಳು ಅದರಲ್ಲಿ ನಡೆಯುವುದಿಲ್ಲ. ಅಂಥ ಹಳೆಯ ಆದೇಶಗಳಲ್ಲಿ ಕೆಲವು ಬೇರೇನೂ ಹೇಳದಿದ್ದರೆ ಇಡೀ ಗಣಕಕ್ಕೆ ಸೇರಿದ ಫೋಲ್ಡರಿನಲ್ಲಿ ಬರೆಯಲು ಹೋಗುತ್ತಿದ್ದವು. ‘ಪರ್ಮಿಷನ್ ಡಿನೈಡ್’ ಬರಲು ಅದೂ ಒಂದು ಕಾರಣ.

ಪಿಪ್ ಉತ್ತರವೇ ಕೊಡದೆ ಬಹಳ ಹೊತ್ತು ಕಾದು ‘ಟೈಮ್‌ಔಟ್’ ಎಂದರೆ ನಿಮ್ಮ ಜಾಲದಲ್ಲಿ ಪ್ರಾಕ್ಸಿ, ಅಂದರೆ ಹೊರಗಿನ ಸಂಪರ್ಕವನ್ನು ನಡುವೆ ನಿಂತು ನಿಯಂತ್ರಿಸುವ ಯಂತ್ರ, ಇರಬಹುದು. ಅದರ ವಿಳಾಸವನ್ನು ಕೇಳಿ ಪಡೆದು ಆದೇಶದ ಕೊನೆಗೆ ‘--ಪ್ರಾಕ್ಸಿ’ ಎಂದು ಬರೆದು ಜೋಡಿಸಿ. ಪಾಸ್‌ವರ್ಡನ್ನು ಆ ಸಾಲಿನಲ್ಲಿ ಬರೆಯಬೇಡಿ; ಆದೇಶಗಳ ಇತಿಹಾಸದಲ್ಲಿ ಅದು ಉಳಿಯುತ್ತದೆ, ಹಂಚಿಕೊಂಡು ಬಳಸುವ ಲಿನಕ್ಸ್ ಗಣಕದಲ್ಲಿ ಓಡುತ್ತಿರುವ ಆದೇಶ ಇತರರಿಗೂ ಕಾಣಬಹುದು.

‘ಸರ್ಟಿಫಿಕೇಟ್ ವೆರಿಫೈ ಫೇಲ್ಡ್’ ಎಂಬುದು ಬೇರೆ ತೊಂದರೆ. ಸಂಸ್ಥೆಯ ಸುರಕ್ಷತಾ ವ್ಯವಸ್ಥೆ ತನ್ನದೇ ಪ್ರಮಾಣಪತ್ರವನ್ನು ನಡುವೆ ಇಟ್ಟಿರುತ್ತದೆ, ಪಿಪ್‌ಗೆ ಅದರ ಪರಿಚಯವಿರುವುದಿಲ್ಲ. ಪಿಪ್ 24.2 ಮತ್ತು ಅದರ ನಂತರದ ಆವೃತ್ತಿಗಳು ಪೈಥಾನ್ 3.10 ಅಥವಾ ಮೇಲಿನದರೊಂದಿಗೆ ಗಣಕದ ಪ್ರಮಾಣಪತ್ರ ಸಂಗ್ರಹವನ್ನೇ ನೋಡುವುದರಿಂದ ಹೊಸ ಪಿಪ್‌ನಲ್ಲಿ ಈ ದೋಷ ತಾನಾಗಿ ಹೋಗುವ ಸಾಧ್ಯತೆ ಹೆಚ್ಚು. ಹೋಗದಿದ್ದರೆ ಪ್ರಮಾಣಪತ್ರದ ಫೈಲನ್ನು ಅಡ್ಮಿನ್‌ರಿಂದ ಪಡೆದು ‘--ಸರ್ಟ್’ ಆಯ್ಕೆಯಲ್ಲಿ ಕೊಡಿ. ಪರಿಶೀಲನೆಯನ್ನೇ ಬಿಟ್ಟುಬಿಡುವ ‘--ಟ್ರಸ್ಟೆಡ್-ಹೋಸ್ಟ್’ ಆಯ್ಕೆಯನ್ನು ಅನೇಕರು ಸೂಚಿಸುತ್ತಾರೆ. ಬರುತ್ತಿರುವ ಪ್ಯಾಕೇಜು ನಿಜವಾದದ್ದೇ ಎಂಬ ಖಾತರಿ ಅದರಿಂದ ತಪ್ಪಿಹೋಗುತ್ತದೆ. ನಾನದನ್ನು ಎಂದಿಗೂ ಸೂಚಿಸುವುದಿಲ್ಲ.

ಇಂಟರ್‌ನೆಟ್ಟೇ ಇಲ್ಲದ ಗಣಕವಾದರೆ, ಸಂಪರ್ಕವಿರುವ ಇನ್ನೊಂದು ಗಣಕದಲ್ಲಿ ‘ಇನ್‌ಸ್ಟಾಲ್’ ಪದದ ಬದಲು ‘ಡೌನ್‌ಲೋಡ್ -ಡಿ ಚೀಲ’ ಎಂದು ಬರೆದು ಅದೇ ಪ್ಯಾಕೇಜುಗಳನ್ನು ‘ಚೀಲ’ ಎಂಬ ಫೋಲ್ಡರಿಗೆ ಇಳಿಸಿಕೊಳ್ಳಿ. ಆ ಫೋಲ್ಡರನ್ನು ಇತ್ತ ತಂದು ಹೀಗೆ ಹಾಕಿ:

ಪಟ\ಸ್ಕ್ರಿಪ್ಟ್ಸ್\ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್ --ನೋ-ಇಂಡೆಕ್ಸ್ --ಫೈಂಡ್-ಲಿಂಕ್ಸ್ ಚೀಲ ಜುಪಿಟರ್‌ಲ್ಯಾಬ್ ಮ್ಯಾಟ್‌ಪ್ಲಾಟ್‌ಲಿಬ್ ಐಪಿವೈಎಂಪಿಎಲ್ ಪ್ಲಾಟ್ಲಿ ಎನಿವಿಜೆಟ್

ಎರಡೂ ಗಣಕಗಳ ಕಾರ್ಯಾಚರಣೆ ವ್ಯವಸ್ಥೆ ಮತ್ತು ಪೈಥಾನ್ ಆವೃತ್ತಿ ಒಂದೇ ಆಗಿರಬೇಕು. 3.12ರಲ್ಲಿ ಇಳಿಸಿದ ಮ್ಯಾಟ್‌ಪ್ಲಾಟ್‌ಲಿಬ್ ಫೈಲು 3.11ಕ್ಕೆ ಹೊಂದುವುದಿಲ್ಲ. ಪೆನ್‌ಡ್ರೈವ್ ಬಳಕೆಗೆ ಅನುಮತಿ ಇದೆಯೇ ಎಂಬುದನ್ನೂ ಕೇಳಿಕೊಳ್ಳಿ.

ಹಂತ 5: ನಿಮ್ಮ ಜುಪಿಟರನ್ನು ತೆರೆದು ಪರೀಕ್ಷಿಸಿ

ಪಟ\ಸ್ಕ್ರಿಪ್ಟ್ಸ್\ಪೈಥಾನ್ -ಎಂ ಜುಪಿಟರ್‌ಲ್ಯಾಬ್

ಡೆಸ್ಕ್‌ಟಾಪಿನ ಮೇಲಿರುವ ಹಳೆಯ ಜುಪಿಟರ್ ಚಿಹ್ನೆಯನ್ನು ಒತ್ತಬೇಡಿ, ಅದು ಅಡ್ಮಿನ್ ಹಾಕಿದ್ದನ್ನೇ ತೆರೆಯುತ್ತದೆ. ವಿಂಡೋಸ್ ಫೈರ್‌ವಾಲ್ ಅನುಮತಿ ಕೇಳಿ ಅಡ್ಮಿನ್ ಪಾಸ್‌ವರ್ಡಿಗೆ ನಿಂತರೆ ‘ಕ್ಯಾನ್ಸಲ್’ ಒತ್ತಿ ಮುಂದುವರಿಯಿರಿ. ಜುಪಿಟರ್ ನಿಮ್ಮ ಗಣಕದೊಳಗೇ ಮಾತಾಡಿಕೊಳ್ಳುವುದರಿಂದ ಹೊರಗಿನ ಸಂಪರ್ಕ ಅದಕ್ಕೆ ಬೇಕಿಲ್ಲ.

ವಿಸ್ತರಣೆಯ ಜಾವಾಸ್ಕ್ರಿಪ್ಟ್ ಭಾಗ ಬಂದಿದೆಯೇ ಎಂದು ತಿಳಿಯಲು ಇನ್ನೊಂದು ಟರ್ಮಿನಲ್‌ನಲ್ಲಿ ಹೀಗೆ ಕೇಳಿ:

ಪಟ\ಸ್ಕ್ರಿಪ್ಟ್ಸ್\ಜುಪಿಟರ್ ಲ್ಯಾಬ್‌ಎಕ್ಸ್‌ಟೆನ್ಷನ್ ಲಿಸ್ಟ್

ಪಟ್ಟಿಯಲ್ಲಿ ‘ಜುಪಿಟರ್-ಮ್ಯಾಟ್‌ಪ್ಲಾಟ್‌ಲಿಬ್’ ಎಂಬ ಹೆಸರಿನ ಎದುರು ‘ಎನೇಬಲ್ಡ್’ ಮತ್ತು ‘ಓಕೆ’ ಎಂದಿರಬೇಕು. ಪೈಥಾನ್ ಭಾಗವನ್ನು ನೋಟ್‌ಬುಕ್‌ನೊಳಗೆ ಪರೀಕ್ಷಿಸಬೇಕು: ಸಿಸ್ ಮಾಡ್ಯೂಲನ್ನು ಇಂಪೋರ್ಟ್ ಮಾಡಿ ‘ಸಿಸ್.ಎಕ್ಸಿಕ್ಯೂಟಬಲ್’ ಬೆಲೆಯನ್ನು ಮುದ್ರಿಸಿ. ಅದು ‘ಪಟ’ ಫೋಲ್ಡರಿನೊಳಗಿನ ಪೈಥಾನ್‌ನ ವಿಳಾಸವನ್ನು ತೋರಿಸಬೇಕು. ಬೇರೆ ವಿಳಾಸ ಬಂದರೆ ಹಳೆಯ ಕರ್ನೆಲ್ ಓಡುತ್ತಿದೆ ಎಂದರ್ಥ. ಮೇಲಿನ ಬಲಮೂಲೆಯಲ್ಲಿ ಕರ್ನೆಲ್‌ನ ಹೆಸರನ್ನು ಒತ್ತಿ ಬದಲಾಯಿಸಿ.

ಹಂತ 6: ಮೊದಲ ಗ್ರಾಫ್

ನೋಟ್‌ಬುಕ್‌ನ ಮೊದಲ ಕೋಶದಲ್ಲಿ, ಮ್ಯಾಟ್‌ಪ್ಲಾಟ್‌ಲಿಬ್ ಬಳಸುವ ಮೊದಲೇ, ಹೀಗೆ ಬರೆಯಿರಿ:

%ಮ್ಯಾಟ್‌ಪ್ಲಾಟ್‌ಲಿಬ್ ವಿಜೆಟ್

ಅನಂತರ ಯಾವುದಾದರೂ ಚಿಕ್ಕ ಗ್ರಾಫ್ ಬಿಡಿಸಿ. ಅದರ ಪಕ್ಕದಲ್ಲಿ ಹಿಗ್ಗಿಸುವ, ಸರಿಸುವ ಗುಂಡಿಗಳ ಸಾಲು ಕಂಡರೆ ಎರಡೂ ಭಾಗಗಳು ಕೂಡಿಕೊಂಡಿವೆ. ಹಳೆಯ ಪಾಠಗಳಲ್ಲಿರುವ ‘%ಮ್ಯಾಟ್‌ಪ್ಲಾಟ್‌ಲಿಬ್ ನೋಟ್‌ಬುಕ್’ ಎಂಬ ಸಾಲು ಜುಪಿಟರ್‌ಲ್ಯಾಬ್‌ನಲ್ಲಿ ‘ಐಪೈಥಾನ್ ಈಸ್ ನಾಟ್ ಡಿಫೈನ್ಡ್’ ಎಂಬ ಜಾವಾಸ್ಕ್ರಿಪ್ಟ್ ದೋಷ ಕೊಡುತ್ತದೆ. ಅದಕ್ಕೆ ಯಾವ ಪ್ಯಾಕೇಜೂ ಮದ್ದಲ್ಲ, ಸಾಲನ್ನೇ ಬದಲಿಸಬೇಕು.

‘ಎರರ್ ಡಿಸ್‌ಪ್ಲೇಯಿಂಗ್ ವಿಜೆಟ್’ ಎಂದು ಬಂದರೆ ಮೊದಲು ಬ್ರೌಸರಿನ ಪುಟವನ್ನು ಮರುಲೋಡ್ ಮಾಡಿ ಕರ್ನೆಲನ್ನು ಮರುಪ್ರಾರಂಭಿಸಿ. ಜುಪಿಟರ್ ತೆರೆದಿರುವಾಗಲೇ ವಿಸ್ತರಣೆ ಹಾಕಿದ್ದರೆ ಹಳೆಯ ಪುಟಕ್ಕೆ ಅದರ ಸುದ್ದಿ ತಿಳಿದಿರುವುದಿಲ್ಲ. ಬೇರೆಯವರು ಕಳಿಸಿದ ನೋಟ್‌ಬುಕ್‌ನಲ್ಲಿ ಮಾತ್ರ ಗ್ರಾಫ್ ಕಾಣದಿದ್ದರೆ ಜುಪಿಟರ್ ಆ ಫೈಲನ್ನು ಇನ್ನೂ ನಂಬಿಲ್ಲ. ಕೋಶಗಳನ್ನು ಓದಿ ನೋಡಿ, ನೀವೇ ಮತ್ತೆ ಓಡಿಸಿ. ಬೋಕೆ ಎಂಬ ಇನ್ನೊಂದು ಗ್ರಾಫ್ ಪ್ಯಾಕೇಜನ್ನು ಬಳಸುವವರಿಗೆ ಜಾಲ ನಿರ್ಬಂಧವಿರುವ ಕಡೆ ಖಾಲಿ ಜಾಗ ಕಂಡರೆ, ಅದು ತನ್ನ ಜಾವಾಸ್ಕ್ರಿಪ್ಟನ್ನು ಇಂಟರ್‌ನೆಟ್‌ನಿಂದ ತರಲು ಹೋಗಿ ಸೋತಿರುತ್ತದೆ. ‘ಔಟ್‌ಪುಟ್_ನೋಟ್‌ಬುಕ್’ ಕರೆಯುವಾಗ ಇನ್‌ಲೈನ್ ಸಂಪನ್ಮೂಲವನ್ನು ಆಯ್ದುಕೊಳ್ಳಿ.

ಅಕ್ಷಗಳ ಹೆಸರನ್ನು ಕನ್ನಡದಲ್ಲಿ ಬರೆಯುವವರಿಗೆ ಒಂದು ಮಾತು. ಮ್ಯಾಟ್‌ಪ್ಲಾಟ್‌ಲಿಬ್‌ನ ರೂಢಿಯ ಚಿತ್ರಣ ವಿಧಾನಕ್ಕೆ ಒತ್ತಕ್ಷರಗಳನ್ನು ಕೂಡಿಸುವುದು ಬಂದಿರಲಿಲ್ಲ; ಕನ್ನಡ ಫಾಂಟ್ ಕೊಟ್ಟರೂ ‘ಜಿಲ್ಲೆ’, ‘ಉಷ್ಣತೆ’ ಮುಂತಾದ ಪದಗಳು ಒಡೆದು ಕಾಣುತ್ತಿದ್ದವು. ನಿಮ್ಮ ಆವೃತ್ತಿಯಲ್ಲಿ ಹಾಗೆ ಕಂಡರೆ ಅದು ಅಳವಡಿಕೆಯ ತಪ್ಪಲ್ಲ. ಪ್ಲಾಟ್ಲಿ ತನ್ನ ಬರಹವನ್ನು ಬ್ರೌಸರಿನಿಂದಲೇ ಬರೆಸುವುದರಿಂದ ಅಲ್ಲಿ ಕನ್ನಡ ಸರಿಯಾಗಿ ಬರುತ್ತದೆ. ಕನ್ನಡದಲ್ಲಿ ವರದಿ ಕೊಡಬೇಕಾದವರಿಗೆ ನಾನು ಪ್ಲಾಟ್ಲಿಯನ್ನೇ ಸೂಚಿಸುತ್ತೇನೆ.

ಹಂತ 7: ಸರ್ವರ್ ನಿಮ್ಮದಲ್ಲದಿದ್ದರೆ

ಸಂಸ್ಥೆಯ ಜುಪಿಟರ್‌ಹಬ್‌ಗೆ, ಅಂದರೆ ಹಲವರು ಹಂಚಿಕೊಂಡು ಬಳಸುವ ಜುಪಿಟರ್ ಸರ್ವರಿಗೆ, ಬ್ರೌಸರಿನಿಂದ ಲಾಗಿನ್ ಆಗಿ ಕೆಲಸ ಮಾಡುವವರಿಗೆ ಸ್ವಂತ ಜುಪಿಟರ್ ಓಡಿಸುವ ದಾರಿ ಇರುವುದಿಲ್ಲ. ಅವರು ಹಂತ 3 ಮತ್ತು 4ರಂತೆ ಪರಿಸರವನ್ನು ಮಾಡಿಕೊಂಡು, ಅದನ್ನು ಕರ್ನೆಲ್ ಆಗಿ ನೋಂದಾಯಿಸಬೇಕು:

ಪಟ/ಬಿನ್/ಪೈಥಾನ್ -ಎಂ ಐಪಿವೈಕರ್ನೆಲ್ ಇನ್‌ಸ್ಟಾಲ್ --ಯೂಸರ್ --ನೇಮ್ ಪಟ

‘--ಯೂಸರ್’ ಎಂಬುದನ್ನು ಮರೆತರೆ ಅದು ಎಲ್ಲರಿಗೂ ಸೇರಿದ ಫೋಲ್ಡರಿಗೆ ಹೋಗಿ ಅನುಮತಿ ದೋಷ ಬರುತ್ತದೆ. ಇಷ್ಟಾದರೆ ಪೈಥಾನ್ ಭಾಗ ಸಿದ್ಧವಾಯಿತು. ಜಾವಾಸ್ಕ್ರಿಪ್ಟ್ ಭಾಗ ಸರ್ವರಿನ ಕಡೆ ಇದೆಯೇ ಎಂದು ತಿಳಿಯಲು ಹಬ್‌ನ ಟರ್ಮಿನಲ್‌ನಲ್ಲಿ ಮುಂದೆ ‘ಪಟ’ ಸೇರಿಸದೆ ‘ಜುಪಿಟರ್ ಲ್ಯಾಬ್‌ಎಕ್ಸ್‌ಟೆನ್ಷನ್ ಲಿಸ್ಟ್’ ಎಂದು ಕೇಳಿ. ಅಲ್ಲಿ ವಿಸ್ತರಣೆ ಇದ್ದರೆ ಅದರ ಆವೃತ್ತಿಗೆ ಹೊಂದುವ ಪ್ಯಾಕೇಜನ್ನೇ ನಿಮ್ಮ ಪರಿಸರದಲ್ಲೂ ಹಾಕಿ. ಆವೃತ್ತಿಗಳು ದೂರವಾದರೆ ಗ್ರಾಫ್ ಮೂಡುವುದಿಲ್ಲ. ಸರ್ವರಿನ ಕಡೆ ವಿಸ್ತರಣೆಯೇ ಇಲ್ಲದಿದ್ದರೆ ಅಡ್ಮಿನ್ ಸಹಾಯ ಬೇಕು. ನೋಟ್‌ಬುಕ್‌ನೊಳಗಿನಿಂದ ಪ್ಯಾಕೇಜು ಹಾಕುವಾಗ ‘!ಪಿಪ್’ ಬದಲು ‘%ಪಿಪ್’ ಬಳಸಿ. ಎರಡನೆಯದು ಓಡುತ್ತಿರುವ ಕರ್ನೆಲ್‌ನ ಪರಿಸರಕ್ಕೇ ಹಾಕುತ್ತದೆ, ಮೊದಲನೆಯದು ಎಲ್ಲಿಗೆ ಹಾಕುವುದೆಂದು ಹೇಳಲಾಗದು. ಪ್ಲಾಟ್ಲಿ ‘ಎನ್‌ಬಿಫಾರ್ಮ್ಯಾಟ್’ ಎಂಬ ಪ್ಯಾಕೇಜು ಬೇಕೆಂದು ದೂರಿದರೆ ಅದನ್ನೂ ಹೀಗೆಯೇ ಹಾಕಿ.

ತಡೆ ಎಲ್ಲ ಕಡೆ ಇದ್ದರೆ

ಬಳಕೆದಾರರ ಫೋಲ್ಡರಿನಿಂದ ಯಾವ ಪ್ರೋಗ್ರಾಮೂ ಓಡಬಾರದೆಂದು ಕೆಲವು ಸಂಸ್ಥೆಗಳು ಆಪ್‌ಲಾಕರ್‌ನಂಥ ಸಾಧನದಿಂದ ಕಟ್ಟುಹಾಕಿರುತ್ತವೆ. ಆಗ ಪರಿಸರದೊಳಗಿನ ಪೈಥಾನ್ ಓಡುವುದೇ ಇಲ್ಲ. ಅದು ತಿಳಿದೇ ಹಾಕಿದ ಬೇಲಿ. ಅದನ್ನು ದಾಟುವ ಉಪಾಯಗಳನ್ನು ಹುಡುಕಬೇಡಿ. ಅಲ್ಲಿರುವ ಪೈಥಾನ್‌ನಲ್ಲೇ ಪ್ಲಾಟ್ಲಿ ಇದ್ದರೆ ‘ರೈಟ್_ಎಚ್‌ಟಿಎಂಎಲ್’ ಎಂಬ ವಿಧಾನದಿಂದ ಗ್ರಾಫನ್ನು ಕೆಲವು ಎಂ.ಬಿ. ಗಾತ್ರದ ಒಂದೇ ಫೈಲಾಗಿ ಉಳಿಸಿ ಬ್ರೌಸರಿನಲ್ಲಿ ತೆರೆಯಬಹುದು; ಅದಕ್ಕೆ ಯಾವ ವಿಸ್ತರಣೆಯೂ ಬೇಡ, ಹಿಗ್ಗಿಸುವುದು, ಬೆಲೆ ಓದುವುದು ಎಲ್ಲವೂ ನಡೆಯುತ್ತದೆ.

ಅಡ್ಮಿನ್‌ರಿಗೆ ಬರೆಯುವುದಾದರೆ ‘ಗ್ರಾಫ್ ಬರುತ್ತಿಲ್ಲ’ ಎಂದಷ್ಟೇ ಬರೆದರೆ ಅವರಿಗೆ ಏನೂ ತಿಳಿಯುವುದಿಲ್ಲ. ಪ್ಯಾಕೇಜಿನ ಹೆಸರು ಮತ್ತು ಆವೃತ್ತಿ, ‘ಜುಪಿಟರ್ --ವರ್ಷನ್’ ಆದೇಶದ ಪೂರ್ಣ ಉತ್ತರ, ಲ್ಯಾಬ್‌ಎಕ್ಸ್‌ಟೆನ್ಷನ್ ಪಟ್ಟಿ, ದೋಷದ ಸಂದೇಶ ಅಕ್ಷರಶಃ, ಇಷ್ಟನ್ನು ಕಳಿಸಿ. ಐಪಿವೈಎಂಪಿಎಲ್ ಅನ್ನು ಸರ್ವರ್ ಓಡುತ್ತಿರುವ ಪರಿಸರದಲ್ಲೇ ಹಾಕಬೇಕೆಂದೂ ಹಾಕಿದ ಮೇಲೆ ನಿಮ್ಮ ಸರ್ವರನ್ನು ಒಮ್ಮೆ ನಿಲ್ಲಿಸಿ ಪ್ರಾರಂಭಿಸಬೇಕೆಂದೂ ಸ್ಪಷ್ಟವಾಗಿ ಬರೆಯಿರಿ.